ಕಡಲಿಗೆ ಕಟ್ಟಳೆ ಮಾಡುವವರು ಯಾರು?

ಮೀನುಗಾರಿಕೆಯ ಯೋಜನೆಯನ್ನು ಮೀನುಗಾರರನ್ನು ಕೇಳಿಯೇ ರೂಪಿಸಬೇಕು ಎಂಬ ಮಾತು ಸರಕಾರಿ ಕಡತಗಳಲ್ಲಿ ಈಗ ಹೊಸ ಚಿಂತನೆಯಂತೆ ಕಾಣಿಸಿಕೊಳ್ಳುತ್ತಿದೆ. ನಮ್ಮ ಕರಾವಳಿಗೆ ಅದು ಹೊಸದಲ್ಲ. ಮಂಗಳೂರಿನಿಂದ ಕಾರವಾರದವರೆಗೆ ಒಂದು ಕಾಲಕ್ಕೆ ಬಂಗುಡೆ, ಬೂತಾಯಿ ಹಿಡಿಯುವ ಮುಖ್ಯ ಸಾಧನವಾಗಿದ್ದದ್ದು ರಂಪಣಿ. ಹಿಂಡು ದಡದ ಹತ್ತಿರ ಬಂದಾಗ ದೋಣಿಯಲ್ಲಿ ಹೋಗಿ ಬಲೆಯನ್ನು ಸುತ್ತು ಹಾಕಿ, ಎರಡು ತುದಿಗಳನ್ನೂ ಮರಳಿನ ಮೇಲೆ ನಿಂತವರು ಎಳೆಯಬೇಕು. ಹತ್ತಾರು ಜನ ಕೈಗೂಡಿಸದೆ ಆ ಬಲೆ ಮೇಲೆ ಬರುವುದಿಲ್ಲ. ರಂಪಣಿ ತಂಡದ ಒಬ್ಬೊಬ್ಬ ಸದಸ್ಯ ತನ್ನ ಪಾಲಿನ ಬಲೆಯ ತುಂಡನ್ನು ತಂದು ಜೋಡಿಸುತ್ತಿದ್ದ. ಸಿಕ್ಕ ಮೀನಿನಲ್ಲಿ ಅದಕ್ಕೆ ತಕ್ಕ ಪಾಲು ಪಡೆಯುತ್ತಿದ್ದ. ಯಾರ ಬಲೆ ಮೊದಲು ಬೀಳಬೇಕು, ಪಾಲಿನಲ್ಲಿ ತಕರಾರು ಬಂದರೆ ಯಾರು ತೀರ್ಮಾನಿಸಬೇಕು ಎಂಬುದು ಊರ ಹಿರಿಯರ, ಗುರಿಕಾರರ ಎದುರಿಗೇ ಇತ್ಯರ್ಥವಾಗುತ್ತಿತ್ತು. ಬರಹದಲ್ಲಿಲ್ಲದಿದ್ದರೂ ಅದು ಕಟ್ಟಳೆಯೇ. ಅದನ್ನು ಪಾಲಿಸುವವರೂ ಮಾಡಿದವರೂ ಒಂದೇ ಜನವಾಗಿದ್ದರು. ಕಡಲಿನ ಯಾವುದೇ ನಿಯಮ ನಿಲ್ಲುವುದು ಈ ಒಂದು ಗುಣದಿಂದ ಎಂಬುದು ನನ್ನ ವಾದ.

ಕೇಳದೆ ಮಾಡಿದ ಕಾನೂನಿನ ಗತಿ ಏನಾಗುತ್ತದೆ ಎಂಬುದಕ್ಕೆ ಹಳೆಯ ನಿದರ್ಶನವೊಂದಿದೆ. 1956ರವರೆಗೆ ದಕ್ಷಿಣ ಕನ್ನಡ ಮದ್ರಾಸಿನ ಆಡಳಿತದಲ್ಲಿತ್ತು. 1940ರ ದಶಕದ ಆರಂಭದಲ್ಲಿ ಮಲಬಾರ್ ಮತ್ತು ದಕ್ಷಿಣ ಕನ್ನಡದ ತೀರದಲ್ಲಿ ಬೂತಾಯಿ ಕೈಕೊಟ್ಟಾಗ ಮದ್ರಾಸ್ ಸರಕಾರ 1943ರಲ್ಲಿ ಕೆಲವು ಬಗೆಯ ಬಲೆಗಳನ್ನು ನಿರ್ಬಂಧಿಸಿತು. ಮರಿಮೀನುಗಳಿಗೆ ರಕ್ಷಣೆ ಕೊಡುವುದು ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ನೂರಾರು ಮೈಲಿ ತೀರದಲ್ಲಿ ಬಲೆ ಬಲೆಯನ್ನೂ ಪರೀಕ್ಷಿಸಲು ಜನರೆಲ್ಲಿದ್ದರು? ಜಾರಿಗೆ ತರಲಾಗದೆ ಕೆಲವೇ ವರ್ಷಗಳಲ್ಲಿ ನಿರ್ಬಂಧವನ್ನು ಹಿಂತೆಗೆದುಕೊಳ್ಳಬೇಕಾಯಿತು.

ಮುಂದಿನದು ಇನ್ನೂ ನೋವಿನ ಕಥೆ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಯಂತ್ರದ ಬೋಟಿನಿಂದ ಹಿಂಡನ್ನೇ ಸುತ್ತುವರಿದು, ಬಲೆಯ ಅಡಿಯನ್ನು ಚೀಲದ ಬಾಯಿಯಂತೆ ಬಿಗಿದು ಎತ್ತುವ ವಿಧಾನ ಅದು. ಹಿಂಡು ದಡಕ್ಕೆ ಬರಲೆಂದು ರಂಪಣಿ ಕಾಯುತ್ತಿತ್ತು, ಪರ್ಸೀನ್ ಕಾಯಲಿಲ್ಲ. ಕೆಲವೇ ವರ್ಷಗಳಲ್ಲಿ ಈ ಬೋಟುಗಳ ಸಂಖ್ಯೆ ನೂರು ದಾಟಿತು, ರಂಪಣಿಗಳು ಖಾಲಿ ಬರತೊಡಗಿದವು, ದಡದಲ್ಲಿ ಪ್ರತಿಭಟನೆಗಳಾದವು. ದಡಕ್ಕೂ ಬೋಟಿಗೂ ನಡುವೆ ಗಡಿ ಹಾಕುವ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ ಬಂದದ್ದು 1986ರಲ್ಲಿ. ಸಾಂಪ್ರದಾಯಿಕ ಮೀನುಗಾರರ ಹಿತ, ಮೀನಿನ ಸಂರಕ್ಷಣೆ ಇವುಗಳ ಜೊತೆಗೆ ಸಮುದ್ರದಲ್ಲಿ ಶಾಂತಿ ಪಾಲನೆಯೂ ಅದರ ಉದ್ದೇಶಗಳಲ್ಲಿ ಒಂದು. ಜಗಳ ಹೊತ್ತಿಕೊಂಡ ಮೇಲೆ ಬಂದ ಕಾನೂನು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅಷ್ಟರಲ್ಲಿ ದೊಡ್ಡ ರಂಪಣಿಗಳ ಕಾಲ ಬಹುಮಟ್ಟಿಗೆ ಮುಗಿದಿತ್ತು. ಇಂದು ಉಳಿದಿರುವುದು ಅಲ್ಲಲ್ಲಿ ಎಳೆಯುವ ಚಿಕ್ಕ ಕೈರಂಪಣಿ.

ಇದು ಹಳೆಯದರ ಹಂಬಲ ಎನ್ನುವವರಿದ್ದಾರೆ. ರಂಪಣಿಯವರು ಸಂಯಮದಿಂದಲ್ಲ, ಸಾಮರ್ಥ್ಯ ಸಾಲದೆ ಕಡಿಮೆ ಹಿಡಿದರು. ಅವಕಾಶ ಸಿಕ್ಕಾಗ ಅವರಲ್ಲೇ ಹಲವರು ಸಾಲ ಮಾಡಿ ಪರ್ಸೀನ್ ಕೊಂಡರು ಎನ್ನುತ್ತಾರೆ. ನಿಜ. ಊರ ಸಭೆಯ ತೀರ್ಮಾನದಲ್ಲಿ ಮೀನು ಮಾರುವ ಹೆಂಗಸರ ಮಾತಿಗೆ ಜಾಗವಿರಲಿಲ್ಲ ಎಂಬುದೂ ನಿಜ. ಅದನ್ನು ಮುಚ್ಚಿಟ್ಟು ಹಳೆಯ ವ್ಯವಸ್ಥೆಯನ್ನು ಹೊಗಳುವುದು ಅನ್ಯಾಯ. ಆದರೆ ನಾನು ಹೇಳುತ್ತಿರುವುದು ಅವರ ಸಂಯಮದ ವಿಷಯವಲ್ಲ. ಎಲ್ಲರೂ ಒಪ್ಪುವಂಥ ತೀರ್ಮಾನ ಮಾಡಬಲ್ಲ ಒಂದು ಕಟ್ಟೆ ಅಲ್ಲಿತ್ತು. ಪರ್ಸೀನಿಗೆ ಅನುಮತಿ ಕೊಡುವ ಮುನ್ನ ಆ ಕಟ್ಟೆಗೆ ಬಂದು ಎಷ್ಟು ಬೋಟು, ಎಷ್ಟು ದೂರದಲ್ಲಿ ಎಂದು ಮಾತಾಡಬಹುದಿತ್ತು. ಆ ಕೆಲಸ ಆಗಲಿಲ್ಲ.

ಇಂದಿನ ಎರಡು ನಿಯಮಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳಿಗೆ 61 ದಿನಗಳ ನಿಷೇಧವಿದೆ. ಬೋಟುಗಳು ದಕ್ಕೆಯಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಪ್ರಖರ ದೀಪ ಹಾಕಿ ಮೀನು ಸೆಳೆಯುವುದನ್ನು ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ಅದರ ಉಲ್ಲಂಘನೆಯ ದೂರು ಮಾತ್ರ ನಿಂತಿಲ್ಲ. ಮಳೆಗಾಲದಲ್ಲಿ ಕಡಲೇ ತಡೆಯುತ್ತದೆ, ಹೋಲಿಕೆ ಸರಿಯಲ್ಲ ಎನ್ನಬಹುದು. ಆದರೆ ದೊಡ್ಡ ಬೋಟುಗಳಿಗೆ ಮುಂಗಾರಿನ ಅಲೆ ಈಗ ಅಷ್ಟು ದೊಡ್ಡ ಅಡ್ಡಿಯಲ್ಲ. ಮಳೆಗಾಲದಲ್ಲಿ ಕಡಲನ್ನು ಬಿಟ್ಟು, ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಮತ್ತೆ ಇಳಿಯುವ ರೂಢಿ ಜನರದೇ ಆಗಿತ್ತು. ಕಾನೂನು ಆ ರೂಢಿಯ ಮೇಲೆ ಕೂತಿತು, ಆದ್ದರಿಂದ ನಿಂತಿತು.

ಊರ ಕೆರೆಯಂತಲ್ಲ ಕಡಲು, ಗಡಿಯಿಲ್ಲದ ಮೀನಿಗೆ ಊರ ಸಭೆ ಏನು ಮಾಡೀತು ಎಂಬ ಆಕ್ಷೇಪಕ್ಕೆ ತೂಕವಿದೆ. ಎಲ್ಲರೂ ಕೂಡಿ ಮಾಡಿದ ನಿಯಮಕ್ಕೆ ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನ ಮರುವಾಯಿ (ಚಿಪ್ಪುಮೀನು) ಒಂದು ಉದಾಹರಣೆ, ಆದರೆ ತೆರೆದ ಕಡಲಿಗೆ ಹೋಲಿಸಿದರೆ ಅದು ಸುಲಭದ್ದೆಂದು ಒಪ್ಪಬೇಕು. ಅಲ್ಲಿ 1990ರ ದಶಕದಲ್ಲಿ ಇಳುವರಿ ಕುಸಿದಾಗ ವಿಜ್ಞಾನಿಗಳ ಸಲಹೆಯಂತೆ ಡಿಸೆಂಬರಿನಿಂದ ಫೆಬ್ರವರಿವರೆಗೆ, ಮರಿ ಮಾಡುವ ಕಾಲದಲ್ಲಿ, ಹಿಡಿಯುವುದನ್ನು ನಿಲ್ಲಿಸಿದರು. ಮೀನುಗಾರರು, ವ್ಯಾಪಾರಿಗಳು, ವಿಜ್ಞಾನಿಗಳು, ಅಧಿಕಾರಿಗಳು ಸೇರಿದ ಮಂಡಳಿ ರೂಪುಗೊಂಡಿತು. 2014ರಲ್ಲಿ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಪ್ರಮಾಣಪತ್ರ ಪಡೆದ ಭಾರತದ ಮೊದಲ ಮೀನುಗಾರಿಕೆ ಅದಾಯಿತು. ತೆರೆದ ಕಡಲಿನಲ್ಲಿ ಕೇರಳ, ಕರ್ನಾಟಕ, ಗೋವಾಗಳು ಒಟ್ಟಿಗೆ ಕೂರಬೇಕಾಗುತ್ತದೆ, ಮರಿಮೀನು ಕೊಳ್ಳುವ ಮೀನುಹಿಟ್ಟಿನ ಕಾರ್ಖಾನೆಯವರೂ ಅಲ್ಲಿರಬೇಕಾಗುತ್ತದೆ. ಕೆಲಸ ದೊಡ್ಡದು, ಸರಿ. ಆದರೆ ಮುಂದಿನ ಯೋಜನೆ ಬರೆಯುವವರಲ್ಲಿ ಒಂದೇ ಕೋರಿಕೆ: ಕರಡು ಮುಗಿಸಿ ಸಹಿಗಾಗಿ ಬರಬೇಡಿ. ಹಾಳೆ ಖಾಲಿ ಇರುವಾಗಲೇ ದಕ್ಕೆಗೆ ಬನ್ನಿ, ಬುಟ್ಟಿ ಹೊತ್ತ ಹೆಂಗಸರನ್ನೂ ಕರೆಯಿರಿ.