ಷರಾ

ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಐದನೇ ತರಗತಿಯ ಮಕ್ಕಳ ಪ್ರಗತಿ ಪತ್ರ ತುಂಬುತ್ತ, ಒಬ್ಬ ಹುಡುಗಿಯ ಹೆಸರಿನ ಮುಂದೆ ಷರಾ ಎಂಬಲ್ಲಿ ‘ಮಂದ ಬುದ್ಧಿ’ ಎಂದು ಬರೆದೆ. ಮರುದಿನ ಅವಳ ತಾಯಿ ಪತ್ರ ಹಿಡಿದು ಬಂದಳು. “ಅಕ್ಕೋರ, ನನಗ ಓದಾಕ ಬರೂದಿಲ್ರೀ. ಇಲ್ಲೇನ ಬರದೀರಿ, ಒಂದೀಟ ಓದಿ ಹೇಳ್ರಿ” ಎಂದಳು. ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ನಾನೇ ಬರೆದ ಎರಡು ಪದ ನನ್ನ ಬಾಯಿಂದ ಹೊರಡಲಿಲ್ಲ. “ಇನ್ನೂ ಚೆನ್ನಾಗಿ ಓದಬೇಕು ಅಂತ ಬರದೀನಿ” ಎಂದು ಸುಳ್ಳು ಹೇಳಿದೆ.

ಬಿ.ಎಡ್.ನಲ್ಲಿ ನಾನು ಮನಃಶಾಸ್ತ್ರ ಓದಿರಲಿಲ್ಲವೆಂದಲ್ಲ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವುಂಟ್ ಪ್ರಯೋಗಶಾಲೆ ತೆರೆದದ್ದು, 1913ರಲ್ಲಿ ಅಮೆರಿಕದ ವಾಟ್ಸನ್ ಒಳಮನಸ್ಸಿನ ಮಾತು ಬಿಟ್ಟು ಕಣ್ಣಿಗೆ ಕಾಣುವ ವರ್ತನೆಯನ್ನಷ್ಟೇ ನೋಡಿ ಎಂದದ್ದು, ಎಲ್ಲವನ್ನೂ ಪರೀಕ್ಷೆಗಾಗಿ ಉರು ಹೊಡೆದಿದ್ದೆ. ‘ಬುದ್ಧಿಪರೀಕ್ಷೆಯ ಪಿತಾಮಹ ಯಾರು?’ ಎಂದರೆ ಆಲ್ಫ್ರೆಡ್ ಬಿನೇ, 1905. ಒಂದು ಅಂಕ. ಆ ಮನುಷ್ಯ ಯಾರು, ಅವನಿಗೆ ಏನು ಬೇಕಾಗಿತ್ತು ಎಂದು ಕೇಳಿಕೊಂಡದ್ದು ಆ ತಾಯಿ ಬಂದುಹೋದ ಮೇಲೆ.

ಬಿನೇ ಪ್ಯಾರಿಸ್‌ನಲ್ಲಿದ್ದವನು. ಮೊದಮೊದಲು ಎಲ್ಲರಂತೆ ಅವನೂ ದೊಡ್ಡ ತಲೆಯಲ್ಲಿ ದೊಡ್ಡ ಬುದ್ಧಿ ಇರುತ್ತದೆಂದು ನಂಬಿದ್ದ. ಶಾಲೆಗಳಿಗೆ ಹೋಗಿ, ಮೇಷ್ಟರುಗಳು ಜಾಣರೆಂದೂ ದಡ್ಡರೆಂದೂ ಆರಿಸಿಕೊಟ್ಟ ಮಕ್ಕಳ ತಲೆ ಅಳೆದ. ಸಿಕ್ಕಿದ ವ್ಯತ್ಯಾಸ ತೀರ ಸಣ್ಣದು. ಅದಕ್ಕಿಂತ ಹೆಚ್ಚಾಗಿ ಅವನಿಗೆ ತನ್ನ ಮೇಲೆಯೇ ಅನುಮಾನ ಬಂತು. ಈ ಹುಡುಗ ದಡ್ಡನೆಂದು ಮೊದಲೇ ತಿಳಿದಿರುವಾಗ ಅಳೆಯುವ ಕೈ ನೆಟ್ಟಗಿರುತ್ತದೆಯೇ? ಹಾಗೆ ಅನುಮಾನಿಸಿ ಆ ದಾರಿಯನ್ನೇ ಬಿಟ್ಟ. ಇದನ್ನು ಓದಿದಾಗ ನನ್ನ ಕೆಂಪು ಶಾಯಿಯ ಪೆನ್ನು ನೆನಪಾಯಿತು.

ಮನೆಯಲ್ಲಿ ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಮಡ್ಲೆನ್ ಮತ್ತು ಆಲಿಸ್. ನಡೆಯಲು ಕಲಿಯುವಾಗ ದೊಡ್ಡವಳು ಮುಂದಿನ ಆಸರೆ ಕೈಗೆಟುಕುತ್ತದೆಂದು ಖಾತ್ರಿಯಾಗುವ ತನಕ ಹಿಡಿದದ್ದನ್ನು ಬಿಡುತ್ತಿರಲಿಲ್ಲ. ಚಿಕ್ಕವಳು ತೂರಾಡುತ್ತ ಕೋಣೆಯ ನಡುವಿಗೇ ನುಗ್ಗುತ್ತಿದ್ದಳು. ಇಬ್ಬರೂ ನಡೆಯಲು ಕಲಿತರು. ವರ್ಷಗಟ್ಟಲೆ ಹೀಗೆ ಮಕ್ಕಳನ್ನು ನೋಡಿ ಬರೆದಿಟ್ಟವನು ಅವನು. ಎರಡು ಮಕ್ಕಳನ್ನು ಸಾಕಿದ ಯಾವ ತಾಯಿಗೆ ಇದು ಹೊಸದು ಹೇಳಿ! ಆದರೆ ಅದನ್ನು ಶಾಸ್ತ್ರದೊಳಗೆ ತಂದವನು ಬಿನೇ.

ಫ್ರಾನ್ಸಿನಲ್ಲಿ 1882ರಿಂದ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಿತ್ತು. ತರಗತಿಯೊಂದಿಗೆ ಹೆಜ್ಜೆ ಹಾಕಲಾಗದ ಮಕ್ಕಳಿಗೆ ಏನು ಮಾಡಬೇಕೆಂದು ಯೋಚಿಸಲು 1904ರಲ್ಲಿ ಸರಕಾರ ಒಂದು ಸಮಿತಿ ಮಾಡಿತು. ಬಿನೇ ಅದರಲ್ಲಿದ್ದ. ಮರುವರ್ಷ ಡಾಕ್ಟರ್ ಸಿಮೋನ್ ಜೊತೆ ಸೇರಿ 30 ಪ್ರಶ್ನೆಗಳ ಪಟ್ಟಿ ಮಾಡಿದ. ಉರಿಯುವ ಕಡ್ಡಿಯತ್ತ ಮಗು ಕಣ್ಣು ಹೊರಳಿಸುತ್ತದೆಯೇ? ಹೇಳಿದ ಅಂಕಿಗಳನ್ನು ಹಾಗೆಯೇ ತಿರುಗಿ ಹೇಳುತ್ತದೆಯೇ? ನೊಣಕ್ಕೂ ಚಿಟ್ಟೆಗೂ ಏನು ವ್ಯತ್ಯಾಸ? ಪುಸ್ತಕದ ಪಾಠಕ್ಕೆ ಸಂಬಂಧಿಸದ ಪ್ರಶ್ನೆಗಳನ್ನೇ ಅವನು ಬೇಕೆಂದು ಆರಿಸಿದ್ದ. ಮೇಷ್ಟರ ಅಭಿಪ್ರಾಯವೊಂದನ್ನೇ ನಂಬಿದರೆ, ತಂಟೆ ಮಾಡುವ ಮಕ್ಕಳನ್ನೆಲ್ಲ ದಡ್ಡರೆಂದು ಸಾಗಹಾಕಿಬಿಟ್ಟಾರು ಎಂಬ ಹೆದರಿಕೆ ಅವನಿಗಿತ್ತು. ಹಿಂದುಳಿದ ಮಗುವನ್ನು ಗುರುತಿಸಿ ಅದಕ್ಕೆ ತಕ್ಕ ಪಾಠ ಕೊಡಬೇಕು, ಅಭ್ಯಾಸದಿಂದ ಬುದ್ಧಿ ಬೆಳೆಯುತ್ತದೆ ಎಂಬುದು ಅವನ ನಂಬಿಕೆ. 1911ರಲ್ಲಿ ಅವನು ತೀರಿಕೊಂಡಾಗ ವಯಸ್ಸು 54, ಈಗಿನ ನನ್ನ ವಯಸ್ಸು.

ಮುಂದಿನ ಕಥೆ ಬೇರೆ. 1912ರಲ್ಲಿ ಜರ್ಮನಿಯ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿದ. ಅಮೆರಿಕದ ಟರ್ಮನ್ 1916ರಲ್ಲಿ ಪರೀಕ್ಷೆಯನ್ನು ಪರಿಷ್ಕರಿಸಿ, ಆ ಭಾಗಲಬ್ಧವನ್ನು ನೂರರಿಂದ ಗುಣಿಸಿ ‘ಐ.ಕ್ಯೂ.’ ಎಂದು ಪ್ರಚಾರ ಮಾಡಿದ. ಬುದ್ಧಿ ಹುಟ್ಟಿನಿಂದ ಬಂದದ್ದು, ಬದಲಾಗದ್ದು ಎಂಬ ಮಾತು ಬೇರೂರಿತು. ವರ್ಜೀನಿಯಾದಲ್ಲಿ ಕ್ಯಾರಿ ಬಕ್ ಎಂಬ ಬಡ ಹುಡುಗಿಗೆ ಈ ಪರೀಕ್ಷೆ ಒಂಬತ್ತರ ಮಾನಸಿಕ ವಯಸ್ಸು ಕೊಟ್ಟಿತು. ಅವಳ ತಾಯಿಯೂ ಮಂದಮತಿ, ಏಳು ತಿಂಗಳ ಕೂಸು ವಿವಿಯನ್ ಕೂಡ ಸರಿಯಿಲ್ಲ ಎಂದರು. 1927ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿತು. ಕ್ಯಾರಿಗೆ ಇನ್ನು ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡಿಬಿಟ್ಟರು. ಆ ಕೂಸು ವಿವಿಯನ್ ಬೆಳೆದು ಶಾಲೆಗೆ ಹೋಯಿತು. 1931ರ ಏಪ್ರಿಲ್‌ನಲ್ಲಿ ಅವಳ ಹೆಸರು ಚೆನ್ನಾಗಿ ಓದುವ ಮಕ್ಕಳ ಗೌರವ ಪಟ್ಟಿಯಲ್ಲಿತ್ತು. ಮರುವರ್ಷ, ಎಂಟನೇ ವಯಸ್ಸಿಗೆ, ಕಾಯಿಲೆಯಿಂದ ತೀರಿಕೊಂಡಳು. ಅವಳ ಪ್ರಗತಿ ಪತ್ರ ಮಾತ್ರ ಉಳಿಯಿತು.

ಬಿನೇಯ ಪರೀಕ್ಷೆ ನಮ್ಮ ಕನ್ನಡಕ್ಕೂ ಬಂತು. ವಿ. ವಿ. ಕಾಮತರು ಅದನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿ 1940ರಲ್ಲಿ ಪುಸ್ತಕ ಪ್ರಕಟಿಸಿದರು. ಕಲಿಕೆಯಲ್ಲಿ ತೊಡಕಿರುವ ಮಗುವಿಗೆ ನೆರವಿನ ದಾರಿ ಹುಡುಕುವವರ ಕೈಯಲ್ಲಿ ಅದು ಒಳ್ಳೆಯ ಸಾಧನವೇ. ನಾನು ಆ ಹುಡುಗಿಗೆ ಅಷ್ಟೂ ಮಾಡಿರಲಿಲ್ಲ. ನೊಣ–ಚಿಟ್ಟೆಯ ಒಂದು ಪ್ರಶ್ನೆಯನ್ನೂ ಕೇಳದೆ ತೀರ್ಪು ಬರೆದಿದ್ದೆ.

ಅವಳು ಏಳನೇ ತರಗತಿ ಮುಗಿಸಿ ಹೋದಳು. ಆ ಪತ್ರವನ್ನು ಆಮೇಲೆ ಯಾರಾದರೂ ತಾಯಿಗೆ ಓದಿ ಹೇಳಿರಬಹುದು. ಅವಳೇ ಓದಿಕೊಂಡಿರಬಹುದು.

ಈಗ ಷರಾ ಬರೆಯುವಾಗ ತಡವಾಗುತ್ತದೆ. ‘ಭಾಗಾಕಾರದಲ್ಲಿ ಸೊನ್ನೆ ಬಂದಾಗ ತಡವರಿಸುತ್ತಾಳೆ. ಬಾಯಿಲೆಕ್ಕ ಚೆನ್ನಾಗಿ ಮಾಡುತ್ತಾಳೆ’ ಎಂದು ಬರೆಯುತ್ತೇನೆ. ಬರೆದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ಸ್ಟಾಫ್ ರೂಮಿನಲ್ಲಿ ಕಿರಿಯ ಟೀಚರುಗಳು ನಗುತ್ತಾರೆ, ನಗಲಿ ಬಿಡಿ. ಯಾವ ತಾಯಿ ಬಂದು “ಓದಿ ಹೇಳ್ರಿ” ಎಂದರೂ ನನ್ನ ಬಾಯಿ ಕಟ್ಟಬಾರದು.