ಆಸೋಪಾಲವವೂ ಅಶೋಕವೂ

ನಮ್ಮ ತೋರಣ ಮಾವಿನೆಲೆಯದು. ವಡೋದರಾದ ಫತೇಗಂಜ್‌ನಂಥ ಬಡಾವಣೆಗಳಲ್ಲಿ, ಗುಜರಾತಿನ ಉದ್ದಗಲಕ್ಕೂ, ಹಬ್ಬದ ದಿನ ಬಾಗಿಲಿಗೆ ಆಸೋಪಾಲವದ ಎಲೆಯನ್ನೂ ಕಟ್ಟುತ್ತಾರೆ. ಹೆಸರನ್ನು ಬಿಡಿಸಿದರೆ ‘ಅಶೋಕಪಲ್ಲವ’, ಅಶೋಕದ ಚಿಗುರು. ಕಾಂಪೌಂಡಿನ ಅಂಚಿನಲ್ಲಿ ಗೋಪುರದ ಹಾಗೆ ನೆಟ್ಟಗೆ ನಿಲ್ಲುವ, ಅಲೆಯಂಚಿನ ನೀಳ ಎಲೆಯ ಮರ ಅದು. ಬೆಂಗಳೂರಿನವರೂ ಅದನ್ನು ಅಶೋಕವೆಂದೇ ಕರೆಯುತ್ತಾರೆ.

ಆದರೆ ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ ಹೆಣ್ಣಿನ ಪಾದ ತಾಕಿ ಅರಳುವ ಅಶೋಕ ಇದಲ್ಲ. ಆ ಮರದ ಹೂ ಕಿತ್ತಳೆಗೆಂಪಿನ ಗೊಂಚಲು. ಇದರದು ಎಲೆಗಳ ನಡುವೆ ಕಣ್ಣಿಗೇ ಬೀಳದ ತಿಳಿಹಸಿರು ನಕ್ಷತ್ರ. ಅದು ಹುಣಸೆಯ ಬಳಗ, ಇದು ಸೀತಾಫಲದ ಬಳಗ. ಕವಿಗಳು ಇದನ್ನು ಕಂಡು ಅಷ್ಟು ಹಾಡಿರಲಾರರು.

ಸಸ್ಯಶಾಸ್ತ್ರಜ್ಞರು ಇವೆರಡನ್ನೂ ಬೇರೆ ಬೇರೆಯಾಗಿಯೇ ದಾಖಲಿಸಿದರು. ಫ್ರಾನ್ಸಿನ ಸೊನ್ನೆರಾ 1782ರಲ್ಲಿ ತೋರಣದ ಮರಕ್ಕೆ ‘ಉವೇರಿಯಾ ಲಾಂಗಿಫೋಲಿಯಾ’ ಎಂದು ಹೆಸರಿಟ್ಟ. ಮುಂದೆ ಅದು ‘ಪಾಲಿಯಾಲ್ಥಿಯಾ’ ಆಯಿತು, 2012ರಲ್ಲಿ ‘ಮೋನೂನ್’ ಆಯಿತು. ಮೊದಲ ಪದ ಎಷ್ಟು ಬದಲಾದರೂ ‘ನೀಳ ಎಲೆಯ’ ಎಂಬ ಎರಡನೆಯದು ಜೊತೆಗೇ ಬಂತು.

ನಿಜವಾದ ಅಶೋಕದ ಕತೆ ಇನ್ನೂ ಸ್ವಾರಸ್ಯ. ಕಲ್ಕತ್ತೆಯ ನ್ಯಾಯಾಧೀಶ ವಿಲಿಯಂ ಜೋನ್ಸ್‌ಗೆ ಇಲ್ಲಿನ ಗಿಡಗಳನ್ನು ಇಲ್ಲಿನ ಹೆಸರುಗಳಿಂದಲೇ ಅರಿಯಬೇಕೆಂಬ ಹಟವಿತ್ತು. ಅವನು 1794ರಲ್ಲಿ ತೀರಿಕೊಂಡ. ಮರುವರ್ಷ ವಿಲಿಯಂ ರಾಕ್ಸ್‌ಬರ್ಗ್ ಆ ಮರಕ್ಕೆ ‘ಜೋನೆಸಿಯಾ ಅಶೋಕ’ ಎಂದು ಹೆಸರಿಟ್ಟ: ಮುಂದೆ ಜೋನ್ಸ್, ಹಿಂದೆ ಜೋನ್ಸ್ ಬಯಸಿದ ದೇಸಿ ಹೆಸರು. ಆದರೆ ಅದರ ಕುಲಕ್ಕೆ ಲಿನೇಯಸ್ 1767ರಲ್ಲೇ ‘ಸರಾಕಾ’ ಎಂಬ ಹೆಸರು ಕೊಟ್ಟಾಗಿತ್ತು. ಮೊದಲಿಟ್ಟ ಹೆಸರಿಗೇ ಹಕ್ಕು ಎಂಬ ನಿಯಮದಂತೆ ಜೋನ್ಸ್ ಅಳಿದ, ಅಶೋಕ ಉಳಿಯಿತು.

ಲ್ಯಾಟಿನ್ ಹೆಸರೂ ಎಡವದೆ ಇರಲಿಲ್ಲ. ಭಾರತದ ಪುಸ್ತಕಗಳು ಬಹುಕಾಲ ಈ ಮರವನ್ನು ‘ಸರಾಕಾ ಇಂಡಿಕಾ’ ಎಂದವು. ಅದು ಆಗ್ನೇಯ ಏಷ್ಯಾದ ಬೇರೆಯೇ ಪ್ರಭೇದ. ಆದರೆ ಶಾಸ್ತ್ರೀಯ ಹೆಸರಿನ ಹಿಂದೆ ಒಂದು ಒಣಗಿಸಿಟ್ಟ ಮಾದರಿಯೋ ಚಿತ್ರವೋ ಇರುತ್ತದೆ, ಹೋಲಿಸಿ ತಿದ್ದಬಹುದು. ಆಡುಹೆಸರಿಗೆ ಅಂಥ ಸಾಕ್ಷಿಯಿಲ್ಲ.

ತೋರಣದ ಮಟ್ಟಿಗೆ ಇದರಿಂದ ಯಾರಿಗೂ ನಷ್ಟವಿಲ್ಲ. ಅಶೋಕಾರಿಷ್ಟದ ಮಾತು ಬೇರೆ. ಹೆಂಗಸರ ಅತಿಸ್ರಾವಕ್ಕೆ ಕೊಡುವ ಆ ಔಷಧಕ್ಕೆ ಬೇಕಾದದ್ದು ಸರಾಕಾ ಅಶೋಕದ ತೊಗಟೆ. ತೊಗಟೆಗಾಗಿಯೇ ಸುಲಿದು ಸುಲಿದು ಆ ಮರ ಕಾಡಿನಲ್ಲಿ ವಿರಳವಾಗಿದೆ. ಅಳಿವಿನ ಅಪಾಯದ ಪಟ್ಟಿಯಲ್ಲೂ ಸೇರಿದೆ. ಆಸೋಪಾಲವವೋ ಬೀದಿಬೀದಿಯಲ್ಲಿದೆ, ಅಗ್ಗ. ಅದರ ತೊಗಟೆ ಅಶೋಕದ ಹೆಸರಿನಲ್ಲಿ ಮಂಡಿಗೆ ಬರುತ್ತದೆ. ಮೂಟೆ ಕಟ್ಟಿದ ತೊಗಟೆಯಲ್ಲಿ ಎಲೆಯೂ ಇಲ್ಲ, ಹೂವೂ ಇಲ್ಲ. ಚೀಟಿಯ ಮೇಲೆ ‘ಅಶೋಕ’ ಎಂದಷ್ಟೇ ಬರೆದಿದ್ದರೆ ಮಾರಿದವನು ಸುಳ್ಳು ಹೇಳಿದನೆಂದೂ ಹೇಳುವಂತಿಲ್ಲ.