ಪರಂಗಿ ಕಾಯಿ ನಮ್ಮ ಹಿತ್ತಲಿಗೆ ಬಂದ ದಾರಿ

ನರ್ಸರಿಯಿಂದ ತರುವ ಅಲಂಕಾರದ ಮೆಣಸಿನಗಿಡ ಈಗ ನಮ್ಮ ಕಡೆಯ ಜಗಲಿಗೂ ಬಂದಿದೆ. ಒಂದೇ ಗಿಡದಲ್ಲಿ ನೇರಳೆ, ಹಳದಿ, ಕೆಂಪು ಕಾಯಿ, ಎಲ್ಲವೂ ಆಕಾಶ ನೋಡುತ್ತಾ ನಿಂತಿರುತ್ತವೆ. ಆದರೆ ಆನೇಮಹಲ್ ಸುತ್ತಮುತ್ತ ಹಳೇ ಮನೆಯ ಹಿತ್ತಲಿಗೆ ಹೋದರೆ, ಬಚ್ಚಲು ನೀರು ಹರಿಯುವ ಕಡೆ, ಇದೇ ಜಾತಿಯ ಇನ್ನೊಂದು ಗಿಡ ಸಿಗಬಹುದು. ಅದೇ ಸೂಜಿಮೆಣಸು. ಕೆಲವರು ಜೀರಿಗೆ ಮೆಣಸು ಅಂತಾರೆ, ಕೆಲವರು ಗಾಂಧಾರಿ ಅಂತಾರೆ. ಅದರ ಕಾಯಿಯೂ ಮೇಲೆ ನೋಡುತ್ತದೆ. ದುಡ್ಡು ಕೊಟ್ಟು ತಂದದ್ದು ಮುಂದುಗಡೆ, ಪುಕ್ಕಟೆ ಹುಟ್ಟಿದ್ದು ಹಿಂದುಗಡೆ. ಎರಡೂ ಇಲ್ಲಿನವಲ್ಲ.

ಮೆಣಸಿನಕಾಯಿ ಇಲ್ಲದ ಸಾರು ಊಹಿಸಿಕೊಳ್ಳುವುದು ಕಷ್ಟ. ಆದರೂ ಐನೂರು ವರ್ಷದ ಹಿಂದೆ ನಮ್ಮವರು ಉಂಡದ್ದು ಅಂಥ ಸಾರನ್ನೇ. ಮಂಗರಸ ಸುಮಾರು 1508ರಲ್ಲಿ ಕನ್ನಡದಲ್ಲಿ 'ಸೂಪಶಾಸ್ತ್ರ' ಎಂಬ ಅಡುಗೆ ಪುಸ್ತಕ ಬರೆದ. ಅವನ ಕಾಲದ ಅಡುಗೆಗೆ ಖಾರ ಕೊಡುತ್ತಿದ್ದದ್ದು ನಮ್ಮ ಘಟ್ಟದ ಬಳ್ಳಿಯಲ್ಲಿ ಬಿಡುವ ಕಾಳುಮೆಣಸು, ಜೊತೆಗೆ ಶುಂಠಿ.

ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಮೆಕ್ಸಿಕೋ ಕಡೆಯ ಜನ ಅದನ್ನು ಸಾವಿರಾರು ವರ್ಷದಿಂದ ಬೆಳೆಯುತ್ತಿದ್ದರು. 1492ರಲ್ಲಿ ಕೊಲಂಬಸ್ ಹೊರಟದ್ದು ನಮ್ಮ ಕಾಳುಮೆಣಸಿನಂಥ ಸಂಬಾರ ಪದಾರ್ಥ ಹುಡುಕಿಕೊಂಡು. ಅವನಿಗೆ ಸಿಕ್ಕಿದ್ದು ಈ ಕೆಂಪು ಕಾಯಿ. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ, 1510ರಲ್ಲಿ ಗೋವಾ ಪೋರ್ಚುಗೀಸರ ಕೈ ಸೇರಿತು. ಅವರ ಹಡಗಿನ ಜೊತೆ ಮೆಣಸಿನಕಾಯಿಯೂ ಕರಾವಳಿಗೆ ಇಳಿಯಿತು. ನಮ್ಮಿಂದ ಮೆಣಸು ಕೊಂಡುಹೋಗಲು ಬಂದವರೇ ಮೆಣಸಿಗೆ ಎದುರಾಳಿಯನ್ನು ತಂದುಕೊಟ್ಟರು.

ಬಂದ ಕಾಯಿಗೆ ನಮ್ಮವರು ಹೊಸ ಹೆಸರು ಹುಡುಕಲಿಲ್ಲ. ಮೆಣಸಿನ ಹಾಗೆ ಖಾರ ಇರುವ ಕಾಯಿ, ಮೆಣಸಿನಕಾಯಿ. ತಮಾಷೆ ಏನೆಂದರೆ, ಮನೆಯೊಡೆಯನ ಹೆಸರನ್ನು ನೆಂಟನೇ ಇಟ್ಟುಕೊಂಡ. ಈಗ ಹಳೇ ಮೆಣಸಿಗೆ ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು ಅಂತ ಬಾಲ ಸೇರಿಸಿ ಗುರುತು ಹೇಳಬೇಕು. ಪಕ್ಕದ ಕೊಡಗಿನಲ್ಲಿ ಸೂಜಿಮೆಣಸಿನ ಹೆಸರಿಗೆ 'ಪರಂಗಿ' ಅಂತ ಸೇರಿಕೊಂಡಿದೆ. ಪರಂಗಿ ಅಂದರೆ ಹಡಗಿನಲ್ಲಿ ಬಂದ ಬಿಳಿಯರು. ಪರಂಗಿ ಹಣ್ಣಿಗೂ ಹೆಸರು ಬಂದದ್ದು ಹೀಗೆಯೇ. ಬರೆದಿಟ್ಟ ದಾಖಲೆ ಇಲ್ಲದ ಕಡೆ ಇಂಥ ಒಂದು ಪದ ಸಾಕ್ಷಿ ಹೇಳುತ್ತದೆ.

ಗುರುತು ತಪ್ಪಿದವರು ಆ ಕಡೆಯೂ ಇದ್ದರು. ಜರ್ಮನಿಯ ಲಿಯೊನಾರ್ಡ್ ಫುಕ್ಸ್ 1542ರ ತನ್ನ ಸಸ್ಯಗ್ರಂಥದಲ್ಲಿ ಮೆಣಸಿನಗಿಡದ ಚಿತ್ರ ಹಾಕಿಸಿ, ಅದನ್ನು ಕಲ್ಲಿಕೋಟೆ ಮೆಣಸು ಅಂತ ಕರೆದ. ನಮ್ಮ ದೇಶದ್ದೇ ಅಂದುಕೊಂಡಿದ್ದ! ಆಗಲೇ ಜರ್ಮನಿಯ ಮನೆಗಳಲ್ಲಿ ಇದನ್ನು ಮಣ್ಣಿನ ಕುಂಡದಲ್ಲಿ ಬೆಳೆಸುತ್ತಿದ್ದರು. ಹಾಗಾಗಿ ಕುಂಡದ ಮೆಣಸು ಈಗಿನ ಫ್ಯಾಷನ್ ಅಲ್ಲ. ಹೊಸದು ಅಂದರೆ ಬಣ್ಣಕ್ಕೆಂದೇ ಮಾಡಿದ ತಳಿಗಳು. ಎಲೆಯೂ ಕಾಯಿಯೂ ಕಪ್ಪಗಿರುವ 'ಬ್ಲ್ಯಾಕ್ ಪರ್ಲ್' ತಳಿಯನ್ನು ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಬೆಳೆಸಿದರು. 2006ರಲ್ಲಿ ಅದಕ್ಕೆ ಅಲ್ಲಿ ಬಹುಮಾನವೂ ಬಂತು.

ಕಾಯಿ ಯಾಕೆ ಮೇಲೆ ನೋಡುತ್ತದೆ? ನನಗೆ ಈ ಕಥೆಯಲ್ಲಿ ತುಂಬ ಹಿಡಿಸುವ ಭಾಗ ಇದು. ಕಾಡಿನ ಮೆಣಸಿನಗಿಡ ಬೀಜ ಹರಡಲು ನಂಬಿದ್ದು ಹಕ್ಕಿಯನ್ನು. ಕಾಯಿ ಸಣ್ಣದು, ಕೆಂಪು, ಎಲೆಯ ಮೇಲೆ ಎದ್ದು ಕಾಣುತ್ತದೆ, ಹಣ್ಣಾದರೆ ಮುಟ್ಟಿದರೆ ತೊಟ್ಟು ಬಿಡುತ್ತದೆ. ಖಾರದ ಅಂಶ ನಮಗೂ ಇಲಿಗೂ ಬಾಯಿ ಉರಿಸುತ್ತದೆ, ಹಕ್ಕಿಗೆ ಏನೂ ಆಗುವುದಿಲ್ಲ. ಅಮೆರಿಕದ ಅರಿಜೋನಾದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ತೋರಿಸಿತು. ಹಕ್ಕಿಯ ಹೊಟ್ಟೆಯಿಂದ ಬಂದ ಬೀಜ ಮೊಳೆಯಿತು, ಇಲಿಯಂಥ ಪ್ರಾಣಿ ತಿಂದದ್ದು ಮೊಳೆಯಲಿಲ್ಲ. ಮನುಷ್ಯ ಹೊಲದಲ್ಲಿ ಬೆಳೆಯಲು ಶುರುಮಾಡಿದ ಮೇಲೆ ಉದ್ದ ಕಾಯಿ, ಎಲೆಯ ಕೆಳಗೆ ತೂಗುವ ಕಾಯಿ, ಸುಲಭಕ್ಕೆ ಉದುರದ ಕಾಯಿಯನ್ನೇ ಆರಿಸುತ್ತಾ ಬಂದ. ಬ್ಯಾಡಗಿ ಮೆಣಸಿನಕಾಯಿ ನೋಡಿ, ಕೆಳಗೆ ಜೋತುಬಿದ್ದಿರುತ್ತದೆ. ಸೂಜಿಮೆಣಸು ಮಾತ್ರ ಇನ್ನೂ ಹಕ್ಕಿಯ ಕಡೆಗೇ. ಅಲಂಕಾರದ ಗಿಡದಲ್ಲಿ ಅದೇ ಗುಣವನ್ನು ಜನ ಚಂದಕ್ಕಾಗಿ ಉಳಿಸಿಕೊಂಡರು.

ನಮ್ಮ ಕಾಫಿ ತೋಟದಲ್ಲಿ ಯಾರೂ ಬಿತ್ತದೆ ಸೂಜಿಮೆಣಸು ಹುಟ್ಟುವುದೂ ಪಿಕಳಾರದಂಥ ಹಕ್ಕಿಗಳಿಂದ. ಮಂಜರಾಬಾದ್ ಸೀಮೆಯಲ್ಲಿ ಯುರೋಪಿಯನ್ನರು ಕಾಫಿ ತೋಟ ಹಾಕತೊಡಗಿದ್ದು 1840ರ ದಶಕದಲ್ಲಿ. ಅದಕ್ಕೂ ಮೊದಲೇ, 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ರೈತರು ಮೆಣಸಿನಕಾಯಿ ಬೆಳೆಯುವುದನ್ನು ಬರೆದುಕೊಂಡಿದ್ದ. ಅಷ್ಟರಲ್ಲಿ ಅದು ಪರದೇಶಿ ಅನ್ನುವುದೇ ಜನಕ್ಕೆ ಮರೆತಿದ್ದಿರಬೇಕು.

ಈಗ ತೋಟದಲ್ಲಿ ಆಳು ಸಿಗುವುದಿಲ್ಲ, ಕಳೆನಾಶಕ ಹೊಡೆಯುತ್ತಾರೆ. ಅದಕ್ಕೆ ಕಳೆ ಯಾವುದು, ಸೂಜಿಮೆಣಸು ಯಾವುದು ಗೊತ್ತಾಗುವುದಿಲ್ಲ. ನಿಮ್ಮ ಅಜ್ಜಿ ಹಿತ್ತಲಲ್ಲಿ ಇಟ್ಟುಕೊಂಡಿದ್ದ ಮೆಣಸಿಗೆ ಪ್ಯಾಕೆಟ್ಟಿಲ್ಲ, ತಳಿಯ ಹೆಸರಿಲ್ಲ. ಗಿಡ ಹೋದರೆ ಅಂಗಡಿಯಲ್ಲಿ ಅದೇ ಬೀಜ ಕೇಳಿ ತರಲಾಗದು. ನರ್ಸರಿ ಗಿಡ ಹಾಗಲ್ಲ, ಮುಂದಿನ ವರ್ಷವೂ ಸಿಗುತ್ತದೆ. ಆದರೆ ಅದು ಹೈಬ್ರಿಡ್ ಆಗಿದ್ದರೆ, ಬೀಜ ಹಾಕಿದಾಗ ತಾಯಿಯಂಥ ಗಿಡವೇ ಬರುತ್ತದೆ ಅಂತ ಹೇಳುವಂತಿಲ್ಲ. ಒಂದು ಗಿಡ ಬಣ್ಣ ಬಿಟ್ಟರೆ ಇನ್ನೊಂದು ಸಪ್ಪಗೆ ನಿಂತಿರುತ್ತದೆ.

ಎರಡಕ್ಕೂ ಬೀಜ ಮಾಡುವ ಕ್ರಮ ಒಂದೇ. ಗಿಡದಲ್ಲೇ ಪೂರ್ತಿ ಹಣ್ಣಾದ ಕಾಯಿ ಬೇಕು. ನೇರಳೆ, ಹಳದಿ ಇನ್ನೂ ಎಳೆಯವು. ಬೀಜ ತೆಗೆದು ನೆರಳಲ್ಲಿ ಒಣಗಿಸಿ ಇಟ್ಟರೆ ಎರಡು ವರ್ಷಕ್ಕೆ ಮೋಸವಿಲ್ಲ. ನಮ್ಮಲ್ಲಿ ಮುಂಗಾರಿನ ಥಂಡಿಯಲ್ಲಿ ಹಾಕಿದರೆ ಬೀಜ ಕೊಳೆಯುವುದೇ ಹೆಚ್ಚು. ಫೆಬ್ರವರಿ-ಮಾರ್ಚಿನಲ್ಲಿ, ಮಣ್ಣು ಬೆಚ್ಚಗಿರುವಾಗ, ಕಾಲು ಇಂಚು ಆಳಕ್ಕೆ ಹಾಕಿ. ಎಂಟು-ಹತ್ತು ದಿನಕ್ಕೆ ತಲೆ ಎತ್ತಬಹುದು. ಸೂಜಿಮೆಣಸು ಇನ್ನೂ ತಡ, ಕೆಲವೊಮ್ಮೆ ಮೂರು ವಾರ. ಮಳೆ ಹಿಡಿಯುವ ಹೊತ್ತಿಗೆ ಕುಂಡವನ್ನು ಸೂರಿನಡಿ ಸರಿಸಿ, ತಳದ ತೂತು ಕಟ್ಟಿಕೊಂಡಿಲ್ಲ ಅಂತ ನೋಡಿ. ಎರಡು ಬಗೆ ಅಕ್ಕಪಕ್ಕ ಇದ್ದರೆ ಜೇನು, ನೊಣ ಪರಾಗ ಬೆರೆಸಬಹುದು. ಬೀಜಕ್ಕೆ ಬೇಕಾದ ಒಂದು ರೆಂಬೆಗೆ ಹೂ ಬಿಡುವ ಮೊದಲೇ ತೆಳು ಬಟ್ಟೆ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ, ಆ ಕಾಯಿಗೆ ದಾರದ ಗುರುತು ಹಾಕಿ.

ಇನ್ನೊಂದು ಮಾತು. ನರ್ಸರಿಯಿಂದ ತಂದ ಗಿಡದ ಕಾಯಿಯನ್ನು ಕೂಡಲೇ ಬಾಯಿಗೆ ಹಾಕಬೇಡಿ, ಔಷಧಿ ಹೊಡೆದಿರುತ್ತಾರೆ. ಕೆಂಪಗೆ ಗುಂಡಗಿನ ಕಾಯಿ ಬಿಡುವ, ನೋಡಲು ಮೆಣಸಿನಗಿಡದಂತೆಯೇ ಇರುವ ಇನ್ನೊಂದು ಅಲಂಕಾರದ ಗಿಡವೂ ಇದೆ. ಲಿನೇಯಸ್ ಅದಕ್ಕೆ 1753ರಲ್ಲೇ 'ಸೂಡೊಕ್ಯಾಪ್ಸಿಕಂ', ಅಂದರೆ ಸುಳ್ಳು ಮೆಣಸು ಅಂತ ಹೆಸರಿಟ್ಟ. ಅದರ ಕಾಯಿ ವಿಷ. ಮಕ್ಕಳಿರುವ ಮನೆಯಾದರೆ, ಕೊಳ್ಳುವಾಗಲೇ ಇದು ಯಾವ ಗಿಡ ಅಂತ ಕೇಳಿಕೊಳ್ಳಿ.